ಅಂಗುಳ ಕೆಂಪಾಗಲು ಹಲ್ಲಿನ ಸೆಟ್‌ನ ಪ್ಲಾಸ್ಟಿಕ್ ಕಾರಣವೇ?

ಪ್ರಶ್ನೆ: ನಾವು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನವರು. ನಮ್ಮ ಅವ್ವನಿಗೆ 67 ವರ್ಷ, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾಳೆ. ಏಳು ವರ್ಷದ ಹಿಂದೆ ಮೇಲೆ, ಕೆಳಗೆ ಪೂರ್ತಿ ಹಲ್ಲು ಕಟ್ಟಿಸಿದೆವು. ಈಚೆಗೆ ಸೆಟ್ ತೆಗೆದು ನೋಡಿದರೆ ಮೇಲಿನ ಸೆಟ್ ಮುಚ್ಚುವಷ್ಟೇ ಜಾಗ ಕೆಂಪಗಿದೆ, ಕೆಳಗೆ ಹಾಗಿಲ್ಲ. ಖಾರ ತಿಂದರೆ ಉರಿಯುತ್ತದೆ, ತುಟಿಯ ಎರಡೂ ಮೂಲೆ ಬಿರಿದಿವೆ. ಹೋದ ವರ್ಷ ಮೇಲಿನ ಸೆಟ್ ನಡುವೆ ಸೀಳಿದಾಗ ಅಂಗಡಿಯ ಅಂಟು ಹಚ್ಚಿ ಕೂಡಿಸಿದ್ದೇವೆ. ರಾತ್ರಿಯೂ ಆಕೆ ಸೆಟ್ ತೆಗೆಯುವುದಿಲ್ಲ. ಪ್ಲಾಸ್ಟಿಕ್ ವಿಷ ಬಿಡುತ್ತದೆ, ಕ್ಯಾನ್ಸರ್ ಬರುತ್ತದೆ, ಬಾಗುವ ಸೆಟ್ ಹಾಕಿಸಿ ಎಂದು ಬೀಗರು ಹೇಳುತ್ತಿದ್ದಾರೆ. ಇದು ನಿಜವೇ? ಈಗ ಏನು ಮಾಡಬೇಕು?

ಉತ್ತರ: ಬಾಯಿಯನ್ನು ಕಣ್ಣಾರೆ ನೋಡದೆ ರೋಗವನ್ನು ಖಚಿತಪಡಿಸಲಾಗದು, ಆದರೆ ನೀವು ಕೊಟ್ಟಿರುವ ವಿವರಗಳೆಲ್ಲ ಒಂದೇ ದಿಕ್ಕಿಗೆ ಬೆರಳು ಮಾಡುತ್ತವೆ. ಮೇಲಿನ ಸೆಟ್ ಮುಚ್ಚುವಷ್ಟೇ ಜಾಗ ಕೆಂಪಾಗಿರುವುದು, ಕೆಳಗಿನ ವಸಡು ಕೆಂಪಾಗದೆ ಉಳಿದಿರುವುದು, ತುಟಿಯ ಮೂಲೆಗಳು ಬಿರಿದಿರುವುದು, ಸಕ್ಕರೆ ಕಾಯಿಲೆ ಇರುವುದು, ಹಗಲು ರಾತ್ರಿ ಸೆಟ್ ಬಾಯಲ್ಲೇ ಇರುವುದು, ಇವೆಲ್ಲ ಸೇರಿದಾಗ ದಂತವೈದ್ಯರು ಮೊದಲು ಯೋಚಿಸುವುದು ಡೆಂಚರ್ ಸ್ಟೊಮಟೈಟಿಸ್ ಎಂಬ ಉರಿಯೂತವನ್ನು. ಅದಕ್ಕೆ ಮುಖ್ಯ ಕಾರಣ ಪ್ಲಾಸ್ಟಿಕ್ ಬಿಡುವ ವಿಷವಲ್ಲ, ಆ ಪ್ಲಾಸ್ಟಿಕ್‌ನ ಒಳಮೈಯಲ್ಲಿ ನೆಲೆಯೂರಿದ ಶಿಲೀಂಧ್ರ. ಸೆಟ್‌ನ ವಸ್ತುವನ್ನು ಬದಲಿಸಿ ರೂಢಿಯನ್ನು ಹಾಗೆಯೇ ಉಳಿಸಿಕೊಂಡರೆ ಹೊಸ ಸೆಟ್‌ನಡಿಯಲ್ಲೂ ಇದೇ ಕೆಂಪು ಮರಳಿ ಬರುತ್ತದೆ.

ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಈ ಶಿಲೀಂಧ್ರ ಆರೋಗ್ಯವಂತರಲ್ಲಿ ಅನೇಕರ ಬಾಯಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಜೊಲ್ಲು ಅದನ್ನು ಸದಾ ತೊಳೆಯುತ್ತಿರುತ್ತದೆ, ನಾಲಗೆ ಅಂಗುಳವನ್ನು ಒರೆಸುತ್ತಿರುತ್ತದೆ. ಮೇಲಿನ ಸೆಟ್ ಅಂಗುಳಕ್ಕೆ ಬಿಗಿಯಾಗಿ ಅಂಟಿಕೊಂಡು ಈ ಎರಡೂ ಕೆಲಸಗಳನ್ನು ತಡೆಯುವುದರಿಂದ, ಮತ್ತು ಸೆಟ್‌ನ ಒಳಮೈ ಹೊರಮೈಯಂತೆ ಹೊಳಪು ಕೊಟ್ಟಿರದೆ ಒರಟಾಗಿರುವುದರಿಂದ, ಅಲ್ಲಿ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಕೂಡಿ ತೆಳುವಾದ ಲೋಳೆಯ ಪದರವನ್ನು ಕಟ್ಟಿಕೊಳ್ಳುತ್ತವೆ. ಕೆಳಗಿನ ಸೆಟ್ ಸಣ್ಣದು, ಸ್ವಲ್ಪ ಅಲುಗುತ್ತದೆ, ಅದರಡಿ ಜೊಲ್ಲು ಹರಿಯುತ್ತದೆ. ಅದಕ್ಕೇ ಕೆಳಗೆ ಕೆಂಪಾಗುವುದು ಅಪರೂಪ. ನ್ಯೂಟನ್ ಎಂಬ ದಂತತಜ್ಞರು 1962ರಲ್ಲಿ ಈ ಉರಿಯೂತವನ್ನು ಮೂರು ಹಂತಗಳಾಗಿ ವಿಂಗಡಿಸಿದರು: ಅಲ್ಲಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಸೆಟ್ ಮುಚ್ಚಿದ ಜಾಗವೆಲ್ಲ ಕೆಂಪು, ಮತ್ತು ಅಂಗುಳದ ನಡುವೆ ಹರಳುಹರಳಾಗಿ ಬೆಳೆದ ಮಾಂಸ. ನೀವು ವರ್ಣಿಸಿರುವುದು ಎರಡನೆಯದನ್ನು ಹೋಲುತ್ತದೆ. ಹೆಚ್ಚಿನವರಿಗೆ ಇದು ನೋಯುವುದೇ ಇಲ್ಲವಾದ್ದರಿಂದ ವರ್ಷಗಟ್ಟಲೆ ಗೊತ್ತಾಗದೆ ಉಳಿಯುತ್ತದೆ. ನೀವು ಸೆಟ್ ತೆಗೆಸಿ ಬೆಳಕಿನಲ್ಲಿ ನೋಡಿದ್ದು ಒಳ್ಳೆಯದಾಯಿತು.

ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಜೊಲ್ಲು ಕಡಿಮೆಯಾಗುತ್ತದೆ, ಅದರಲ್ಲಿ ಸಕ್ಕರೆಯಂಶ ಏರುತ್ತದೆ, ಸೋಂಕನ್ನು ತಡೆಯುವ ದೇಹದ ಶಕ್ತಿಯೂ ತಗ್ಗುತ್ತದೆ. ಆದ್ದರಿಂದ ದಂತವೈದ್ಯರ ಬಳಿಗೆ ಹೋಗುವ ಮೊದಲು ಕಳೆದ ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಳ್ಳಿ. ಜೊತೆಗೆ ರಕ್ತಹೀನತೆಯನ್ನೂ ನೋಡಿಸಿ, ಏಕೆಂದರೆ ಕಬ್ಬಿಣ ಮತ್ತು ಬಿ12 ಜೀವಸತ್ವದ ಕೊರತೆಯಿಂದಲೂ ನಾಲಗೆ ಉರಿಯುತ್ತದೆ, ತುಟಿಮೂಲೆ ಬಿರಿಯುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ ಬಿ12 ಕೊರತೆ ಕಾಣಿಸಿಕೊಳ್ಳುವುದುಂಟು. ತುಟಿಮೂಲೆ ಬಿರಿಯಲು ಇನ್ನೊಂದು ಕಾರಣ ಸೆಟ್‌ನಲ್ಲೇ ಇರಬಹುದು. ಏಳು ವರ್ಷ ಖಡಕ್ ರೊಟ್ಟಿ, ಶೇಂಗಾ ಅಗಿದ ಅಕ್ರಿಲಿಕ್ ಹಲ್ಲುಗಳು ಸವೆದು ಕುಳ್ಳಾಗಿರುತ್ತವೆ, ಬಾಯಿ ಮುಚ್ಚಿದಾಗ ದವಡೆಗಳು ಇರಬೇಕಾದುದಕ್ಕಿಂತ ಹತ್ತಿರ ಬರುತ್ತವೆ, ತುಟಿಯ ಮೂಲೆ ಮಡಿಚಿಕೊಂಡು ಸದಾ ಒದ್ದೆಯಾಗಿರುತ್ತದೆ. ಆಗ ಎಷ್ಟು ಮುಲಾಮು ಹಚ್ಚಿದರೂ ಗಾಯ ಪೂರ್ತಿ ಮಾಯುವುದಿಲ್ಲ.

ಇನ್ನು ರಾತ್ರಿಯ ವಿಷಯ. ಈ ಭಾಗದ ಹೆಣ್ಣುಮಕ್ಕಳು ರಾತ್ರಿ ಸೆಟ್ ತೆಗೆಯಲು ಹಿಂಜರಿಯುವುದಕ್ಕೆ ಕಾರಣ ಮರೆವಲ್ಲ, ಸಂಕೋಚ. ಅಳಿಯ ಮನೆಗೆ ಬಂದಿದ್ದಾನೆ, ಮೊಮ್ಮಕ್ಕಳು ಪಕ್ಕದಲ್ಲೇ ಮಲಗುತ್ತವೆ, ಬೊಚ್ಚುಬಾಯಿ ಯಾರಿಗೂ ಕಾಣಬಾರದು ಎಂಬ ಭಾವನೆಯನ್ನು ಕಡೆಗಣಿಸಿ ಕೇವಲ ಗದರಿದರೆ ಯಾರೂ ಕೇಳುವುದಿಲ್ಲ. ಆದರೆ ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಬಹುತೇಕ ನಿಲ್ಲುವುದರಿಂದ ಸೆಟ್‌ನಡಿಯ ಶಿಲೀಂಧ್ರಕ್ಕೆ ಅದೇ ಅತ್ಯಂತ ಅನುಕೂಲದ ಹೊತ್ತು. ಹಾನಿ ಬಾಯಿಗಷ್ಟೇ ಸೀಮಿತವೂ ಅಲ್ಲ. ಜಪಾನಿನ ಟೋಕಿಯೊದಲ್ಲಿ 85 ವರ್ಷ ದಾಟಿದ 524 ಹಿರಿಯರನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿ ಸೆಟ್ ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಬರುವ ಅಪಾಯ ಸುಮಾರು ಎರಡು ಪಟ್ಟು ಇರುವುದು ಕಂಡುಬಂತು. ಬಾಯಲ್ಲಿ ಬೆಳೆದ ಸೂಕ್ಷ್ಮಜೀವಿಗಳು ನಿದ್ದೆಯಲ್ಲಿ ಶ್ವಾಸಕೋಶಕ್ಕೆ ಇಳಿಯುವುದೇ ಇದರ ದಾರಿ ಎಂದು ಭಾವಿಸಲಾಗಿದೆ. ನಿಮ್ಮ ತಾಯಿಯವರು ಅಷ್ಟು ವಯಸ್ಸಾದವರಲ್ಲ, ಆದರೂ ಈ ಮಾತು ಮನೆಯಲ್ಲಿ ಹೇಳತಕ್ಕದ್ದೇ. ದೀಪ ಆರಿಸಿದ ಮೇಲೆ ತೆಗೆದು, ದಿಂಬಿನ ಪಕ್ಕ ಮುಚ್ಚಳವಿರುವ ಡಬ್ಬಿಯಲ್ಲಿ ನೀರು ಹಾಕಿ ಇಟ್ಟು, ಎಲ್ಲರಿಗಿಂತ ಮೊದಲು ಎದ್ದು ಹಾಕಿಕೊಳ್ಳಲಿ. ಬೀಗರ ಮನೆಯಲ್ಲಿ ಉಳಿಯುವ ದಿನ ಅದೂ ಆಗದಿದ್ದರೆ ಮಧ್ಯಾಹ್ನ ನಾಲ್ಕೈದು ಗಂಟೆ ತೆಗೆದಿಡಲಿ. ವಸಡಿಗೆ ದಿನದಲ್ಲಿ ಒಮ್ಮೆ ಬಿಡುವು ಸಿಗಲೇಬೇಕು.

ಈಗ ಪ್ಲಾಸ್ಟಿಕ್‌ನ ಮೇಲಿನ ಆರೋಪಕ್ಕೆ ಬರೋಣ. ಇದನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಆರೋಪದಲ್ಲಿ ಒಂದು ಸಣ್ಣ ಭಾಗ ನಿಜ. ಸೆಟ್‌ನ ಗುಲಾಬಿ ಬಣ್ಣದ ಭಾಗ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್. 1930ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ಬಂದು, ಅಲ್ಲಿಯವರೆಗೆ ಇದ್ದ ವಲ್ಕನೈಟ್ ಎಂಬ ಗಟ್ಟಿ ರಬ್ಬರನ್ನು ಮೂಲೆಗೆ ತಳ್ಳಿದ ಈ ವಸ್ತುವೇ ಇಂದಿಗೂ ಜಗತ್ತಿನ ಬಹುಪಾಲು ಪೂರ್ಣ ಸೆಟ್‌ಗಳ ಆಧಾರ. ಪುಡಿಯ ರೂಪದ ಪಾಲಿಮರ್‌ಗೆ (ಆಗಲೇ ಸರಪಳಿಯಾಗಿ ಕೂಡಿಕೊಂಡ ಅಕ್ರಿಲಿಕ್) ದ್ರವರೂಪದ ಮಾನೊಮರನ್ನು (ಇನ್ನೂ ಕೂಡಿಕೊಳ್ಳದ ಅದರ ಮೂಲವಸ್ತು, ಮೀಥೈಲ್ ಮೆಥಾಕ್ರಿಲೇಟ್) ಸೇರಿಸಿ ರೊಟ್ಟಿಯ ಹಿಟ್ಟಿನಂತೆ ಹದಕ್ಕೆ ಬಂದಾಗ ಅಚ್ಚಿನಲ್ಲಿ ಒತ್ತಿ, ಸುಮಾರು 74 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹಲವು ಗಂಟೆಗಳ ಕಾಲ ಕಾಯಿಸಿ ಗಟ್ಟಿಗೊಳಿಸುತ್ತಾರೆ. ಮಾನೊಮರ್ ನೂರು ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆದ್ದರಿಂದ ಕೆಲಸಗಾರರು ಅವಸರಪಟ್ಟು ಒಮ್ಮೆಲೇ ಕುದಿಸಿದರೆ ಒಳಗೆ ಆವಿಯ ಗುಳ್ಳೆಗಳು ಉಳಿದು ಸೆಟ್ ರಂಧ್ರಮಯವಾಗುತ್ತದೆ. ಆ ರಂಧ್ರಗಳಲ್ಲಿ ಬಣ್ಣ ಹಿಡಿಯುತ್ತದೆ, ವಾಸನೆ ಹಿಡಿಯುತ್ತದೆ, ಶಿಲೀಂಧ್ರವೂ ಮನೆಮಾಡುತ್ತದೆ, ಸೆಟ್ ಬೇಗ ಸೀಳುತ್ತದೆ. ಅಗ್ಗದ ಸೆಟ್‌ಗೂ ಒಳ್ಳೆಯ ಸೆಟ್‌ಗೂ ಇರುವ ವ್ಯತ್ಯಾಸ ಅನೇಕ ಸಲ ವಸ್ತುವಿನಲ್ಲಿಲ್ಲ, ಅದನ್ನು ಕಾಯಿಸಿದ ತಾಳ್ಮೆಯಲ್ಲಿದೆ.

ಎಷ್ಟೇ ಚೆನ್ನಾಗಿ ಕಾಯಿಸಿದರೂ ಸ್ವಲ್ಪ ಮಾನೊಮರ್ ಪರಿವರ್ತನೆಯಾಗದೆ ಉಳಿಯುತ್ತದೆ. ಐಎಸ್‌ಒ 20795-1 ಎಂಬ ಅಂತರರಾಷ್ಟ್ರೀಯ ಮಾನದಂಡ ಬಿಸಿಯಲ್ಲಿ ಗಟ್ಟಿಗೊಳಿಸಿದ ಅಕ್ರಿಲಿಕ್‌ಗೆ ತೂಕದ ಶೇ 2.2ರ ಮಿತಿಯನ್ನೂ, ಬಿಸಿಯಿಲ್ಲದೆ ತಾನಾಗಿ ಗಟ್ಟಿಯಾಗುವ ಬಗೆಗೆ ಶೇ 4.5ರ ಮಿತಿಯನ್ನೂ ಇಟ್ಟಿದೆ. ಸರಿಯಾಗಿ ಕಾಯಿಸಿದ ಸೆಟ್‌ನಲ್ಲಿ ಉಳಿಯುವುದು ಇದಕ್ಕಿಂತ ಬಹಳ ಕಡಿಮೆ. ಹೀಗೆ ಉಳಿದದ್ದರಲ್ಲಿ ಹೊರಬರುವ ಅಂಶ ಬಹುತೇಕ ಮೊದಲ ಕೆಲವು ದಿನಗಳಲ್ಲೇ ಹೊರಬರುತ್ತದೆ. ಹೊಸ ಸೆಟ್ ಕೊಡುವ ಮುನ್ನ ಒಂದೆರಡು ದಿನ ನೀರಿನಲ್ಲಿ ಇಡುವುದು ಇದಕ್ಕಾಗಿಯೇ. ಏಳು ವರ್ಷ ಬಾಯಲ್ಲಿದ್ದ ಸೆಟ್‌ನಿಂದ ಈಗ ಇದ್ದಕ್ಕಿದ್ದಂತೆ ವಿಷ ಇಳಿಯುತ್ತಿದೆ ಎಂಬ ಮಾತಿಗೆ ಆಧಾರವಿಲ್ಲ. ಮಾನೊಮರ್‌ಗೆ ಅಲರ್ಜಿ ಇರುವವರು ಇದ್ದಾರೆ, ಆದರೆ ವಿರಳ. ಅವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಆ ದ್ರವವನ್ನು ಮುಟ್ಟುವ ಲ್ಯಾಬ್ ಕೆಲಸಗಾರರು. ಸೆಟ್ ಧರಿಸುವವರಲ್ಲಿ ಅಲರ್ಜಿ ಸಾಮಾನ್ಯವಾಗಿ ಹೊಸ ಸೆಟ್ ಹಾಕಿದ ಅಥವಾ ರಿಪೇರಿ ಮಾಡಿಸಿದ ದಿನಗಳಲ್ಲೇ ತಲೆದೋರುತ್ತದೆ. ಆದ್ದರಿಂದ ಕೆಂಪು ಯಾವಾಗ ಶುರುವಾಯಿತು, ಅಂಟು ಹಚ್ಚುವುದಕ್ಕೆ ಮೊದಲೋ ಆಮೇಲೋ ಎಂಬುದನ್ನು ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ಶಿಲೀಂಧ್ರದ ಚಿಕಿತ್ಸೆಯ ನಂತರವೂ ಕೆಂಪು ಇಳಿಯದಿದ್ದರೆ ಮಾತ್ರ ಚರ್ಮರೋಗ ತಜ್ಞರಿಂದ, ವಸ್ತುವನ್ನು ಚರ್ಮಕ್ಕೆ ಅಂಟಿಸಿ ಅಲರ್ಜಿ ಇದೆಯೇ ಎಂದು ನೋಡುವ ಪ್ಯಾಚ್ ಪರೀಕ್ಷೆ ಮಾಡಿಸುವ ಪ್ರಶ್ನೆ ಬರುತ್ತದೆ.

ಕ್ಯಾನ್ಸರ್‌ನ ಭಯಕ್ಕೂ ನೇರ ಉತ್ತರವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೀಥೈಲ್ ಮೆಥಾಕ್ರಿಲೇಟನ್ನು ಮೂರನೆಯ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಗದ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಅದೇ ಸಂಸ್ಥೆ ಅಗಿಯುವ ತಂಬಾಕನ್ನೂ, ತಂಬಾಕಿಲ್ಲದ ಬರಿಯ ಅಡಿಕೆಯನ್ನೂ ಖಚಿತ ಕ್ಯಾನ್ಸರ್‌ಕಾರಕಗಳ ಒಂದನೆಯ ಗುಂಪಿನಲ್ಲಿ ಇಟ್ಟಿದೆ. ಸೆಟ್‌ನ ಪ್ಲಾಸ್ಟಿಕ್‌ಗೆ ಹೆದರುತ್ತ ಊಟವಾದ ಮೇಲೆ ಎಲೆ, ಅಡಿಕೆ, ತಂಬಾಕು ಹಾಕಿಕೊಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ 1949ರಲ್ಲಿ ಲಂಡನ್‌ನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣೊಳಗೆ ಕೂಡಿಸಿದ ಮಸೂರ ಇದೇ ಅಕ್ರಿಲಿಕ್‌ನದು, ಇಂದಿಗೂ ನಮ್ಮ ನೇತ್ರ ಶಿಬಿರಗಳಲ್ಲಿ ಇದರ ಮಸೂರಗಳನ್ನು ಬಳಸುತ್ತಾರೆ ಎಂಬುದನ್ನು ಬೀಗರಿಗೆ ಹೇಳಬಹುದು. ಆದರೆ ಒಂದು ಎಚ್ಚರಿಕೆ ಉಳಿಯುತ್ತದೆ: ಸಡಿಲವಾದ ಸೆಟ್‌ನ ಅಂಚು ಒಂದೇ ಕಡೆ ಉಜ್ಜಿ ಆದ ಹುಣ್ಣು, ಆ ಅಂಚನ್ನು ತಿದ್ದಿದ ಮೇಲೂ ಎರಡು ವಾರಗಳಲ್ಲಿ ಮಾಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಗಟ್ಟಿಯಾಗುತ್ತಿದ್ದರೆ, ಬಾಯಿ ತೆರೆಯುವುದು ಕಡಿಮೆಯಾಗುತ್ತಿದ್ದರೆ, ಇದು ಸೆಟ್‌ನದೇ ಹುಣ್ಣು ಎಂದು ಕಾಯುತ್ತ ಕೂರಬಾರದು, ಆ ಜಾಗದ ಚೂರು ತೆಗೆದು ನೋಡುವ ತುಣುಕು ಪರೀಕ್ಷೆ (ಬಯಾಪ್ಸಿ) ಆಗಬೇಕು.

ನನಗೆ ನಿಜವಾಗಿ ಆತಂಕವಾಗುವುದು ನೀವು ಹಚ್ಚಿದ ಅಂಟಿನ ಬಗ್ಗೆ. ಕ್ಷಣದಲ್ಲಿ ಹಿಡಿಯುವ ಅಂಗಡಿಯ ಅಂಟುಗಳು ಸಯನೊಅಕ್ರಿಲೇಟ್ ವರ್ಗದವು. ಬಾಯಲ್ಲಿ ದಿನಗಟ್ಟಲೆ ಇರಲೆಂದು ಮಾಡಿದವಲ್ಲ, ತೇವದಲ್ಲಿ ಬೇಗ ಬಿಡುತ್ತವೆ, ಕೂಡಿಸಿದ ಗೆರೆಯಲ್ಲಿ ಒರಟಾದ ಏರು ಉಳಿದು ಅಲ್ಲಿ ಶಿಲೀಂಧ್ರ ನಿಲ್ಲುತ್ತದೆ. ಎರಡು ಭಾಗಗಳು ಕೂದಲೆಳೆಯಷ್ಟು ತಪ್ಪಿ ಕೂತರೂ ಸೆಟ್ ಅಂಗುಳದ ಮೇಲೆ ಸರಿಯಾಗಿ ಕೂರುವುದಿಲ್ಲ. ಅಂಟು ಹಚ್ಚಿದ ಅಂಚನ್ನು ಲ್ಯಾಬ್‌ನಲ್ಲಿ ಮತ್ತೆ ಸರಿಯಾಗಿ ಕೂಡಿಸುವುದೂ ಕಷ್ಟ. ಮೇಲಿನ ಸೆಟ್ ನಡುವೆ ಸೀಳಿದೆ ಎಂದರೆ ವಸಡಿನ ಮೂಳೆ ಕರಗಿ ಸೆಟ್ ಅಂಗುಳದ ನಡುಗೆರೆಯ ಮೇಲೆ ತೂಗಾಡುತ್ತಿತ್ತು ಎಂಬ ಸೂಚನೆ ಅದರಲ್ಲಿರಬಹುದು. ಹಲ್ಲು ಕಿತ್ತ ಮೇಲೆ ದವಡೆಯ ಏಣು ಜೀವನಪೂರ್ತಿ ಕರಗುತ್ತಲೇ ಹೋಗುತ್ತದೆ. ಪೂರ್ಣ ಸೆಟ್ ಧರಿಸಿದವರನ್ನು 25 ವರ್ಷಗಳವರೆಗೆ ಗಮನಿಸಿ ಟಾಲ್ಗ್ರೆನ್ ಎಂಬ ದಂತ ಸಂಶೋಧಕರು 1972ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಳದವಡೆಯ ಮುಂಭಾಗದ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಕರಗುತ್ತದೆ. ಹಾಗಾಗಿ ಸೆಟ್ ಹಾಗೇ ಇದ್ದರೂ ಬಾಯಿ ಹಾಗೇ ಇರುವುದಿಲ್ಲ. ಐದರಿಂದ ಏಳು ವರ್ಷಕ್ಕೊಮ್ಮೆ ಒಳಪದರ ಹಾಕಿಸುವುದೋ ಹೊಸದು ಮಾಡಿಸುವುದೋ ಬೇಕಾಗುತ್ತದೆ. ನಿಮ್ಮ ತಾಯಿಯವರ ಸೆಟ್ ಸೀಳಿದ್ದು, ಹಲ್ಲು ಸವೆದದ್ದು, ಅಂಟು ಹಚ್ಚಿದ್ದು ಮೂರೂ ಆಗಿರುವುದರಿಂದ ಹೊಸ ಸೆಟ್ಟೇ ಸರಿಯೆಂದು ನನ್ನ ಅಭಿಪ್ರಾಯ.

ಆದರೆ ಬಾಗುವ ಸೆಟ್ ಬೇಡ. ಅದು ನೈಲಾನ್ ಜಾತಿಯದು. ಕೆಲವೇ ಹಲ್ಲುಗಳು ಹೋಗಿ ಉಳಿದವು ಗಟ್ಟಿಯಾಗಿರುವವರಿಗೆ, ಅಕ್ರಿಲಿಕ್ ಅಲರ್ಜಿ ಖಚಿತವಾದವರಿಗೆ ಅದರ ಉಪಯೋಗವಿದೆ. ಪೂರ್ಣ ಸೆಟ್‌ನಲ್ಲಿ ಬಾಗುವುದು ಗುಣವಲ್ಲ, ದೋಷ: ಅಗಿಯುವಾಗಿನ ಒತ್ತಡ ದವಡೆಯ ಮೇಲೆ ಸಮನಾಗಿ ಹಂಚಿಕೆಯಾಗಬೇಕಾದರೆ ತಳ ಗಟ್ಟಿಯಾಗಿರಬೇಕು. ನೈಲಾನ್‌ಗೆ ಒಳಪದರ ಹಾಕುವುದು, ರಿಪೇರಿ ಮಾಡುವುದು ಕಠಿಣ. ಕಾಲಕ್ರಮದಲ್ಲಿ ಮೈ ಒರಟಾಗಿ ಶಿಲೀಂಧ್ರಕ್ಕೆ ಇನ್ನಷ್ಟು ಆಸರೆಯಾಗುತ್ತದೆ. ಪದೇ ಪದೇ ಸೀಳುವ ಮೇಲಿನ ಸೆಟ್‌ಗೆ ಅಂಗುಳದ ಭಾಗದಲ್ಲಿ ಕೋಬಾಲ್ಟ್-ಕ್ರೋಮಿಯಂ ಲೋಹದ ತಳ ಹಾಕಿಸಬಹುದು, ವೆಚ್ಚ ಹೆಚ್ಚು. ಅಗ್ಗದ ಓಲೆ, ಸರಗಳಿಂದ ಮೈ ತುರಿಸಿ ಗುಳ್ಳೆಯೇಳುವ ಹೆಣ್ಣುಮಕ್ಕಳಿಗೆ ನಿಕೆಲ್ ಅಲರ್ಜಿ ಇರುವ ಸಾಧ್ಯತೆ ಹೆಚ್ಚಾದ್ದರಿಂದ ಲೋಹದಲ್ಲಿ ನಿಕೆಲ್ ಇದೆಯೇ ಎಂದು ಕೇಳಿಕೊಳ್ಳಬೇಕು. ರಬ್ಬರಿನ ಅಂಶ ಸೇರಿಸಿದ, ಹೊಡೆತ ತಾಳುವ ಅಕ್ರಿಲಿಕ್ ಇನ್ನೊಂದು ದಾರಿ, ನಿಮಗೆ ಅದೇ ಸಾಕು.

ಚಿಕಿತ್ಸೆ ಬಾಯಿಗೂ ಸೆಟ್‌ಗೂ ಒಟ್ಟಿಗೇ ನಡೆಯಬೇಕು, ಒಂದನ್ನು ಬಿಟ್ಟರೆ ಇನ್ನೊಂದು ವ್ಯರ್ಥ. ಕ್ಲೋಟ್ರಿಮಜೋಲ್, ನಿಸ್ಟಾಟಿನ್, ಮೈಕೊನಜೋಲ್ ಇವು ಸಾಮಾನ್ಯವಾಗಿ ಬಳಸುವ ಶಿಲೀಂಧ್ರನಾಶಕಗಳು. ಇವುಗಳಲ್ಲಿ ಮೈಕೊನಜೋಲ್ ಜೆಲ್ಲನ್ನು ಅಂಗಡಿಯಿಂದ ಕೇಳಿ ತಂದು ಹಚ್ಚಬೇಡಿ. ಅದು ಬಾಯಿಂದಲೇ ರಕ್ತ ಸೇರಿ, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಸಕ್ಕರೆ ಮಾತ್ರೆಗಳ ಪ್ರಭಾವವನ್ನು ಹೆಚ್ಚಿಸಿ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲದು; ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವ ಉಂಟುಮಾಡಬಲ್ಲದು. ಚೀಪುವ ಮಾತ್ರೆ ಬರೆದುಕೊಟ್ಟರೆ ಅದರಲ್ಲಿ ಸಕ್ಕರೆ ಇದೆಯೇ ಎಂದು ಕೇಳಿ. ಕ್ಲೋರ್‌ಹೆಕ್ಸಿಡಿನ್ ಬಾಯಿ ಮುಕ್ಕಳಿಕೆ ಮತ್ತು ನಿಸ್ಟಾಟಿನ್ ಎರಡನ್ನೂ ಒಟ್ಟಿಗೆ ಬಳಸಿದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಕೆಂಪು ಇಳಿದ ಮೇಲೂ ವೈದ್ಯರು ಹೇಳಿದಷ್ಟು ದಿನ ಔಷಧ ಮುಂದುವರಿಯಲಿ.

ಸೆಟ್ ತೊಳೆಯುವುದು ಪ್ರತಿ ಊಟದ ನಂತರ ನೀರಿನಲ್ಲಿ, ರಾತ್ರಿ ಒಮ್ಮೆ ಮೆತ್ತನೆಯ ಬ್ರಷ್ ಮತ್ತು ಸಾದಾ ಸೋಪಿನಲ್ಲಿ, ಮುಖ್ಯವಾಗಿ ಅಂಗುಳಕ್ಕೆ ತಾಗುವ ಒಳಮೈಯನ್ನು ಬಿಡದೆ. ಹಲ್ಲುಪುಡಿ, ಇದ್ದಿಲು, ಉಪ್ಪು, ಬೂದಿ ಯಾವುದೂ ಬೇಡ. ಅವು ಅಕ್ರಿಲಿಕ್‌ನ ಮೇಲೆ ಗೀರು ಮೂಡಿಸುತ್ತವೆ, ಗೀರಿನಲ್ಲಿ ಶಿಲೀಂಧ್ರ ಉಳಿಯುತ್ತದೆ. ಟೂತ್‌ಪೇಸ್ಟಿನಲ್ಲೂ ಅದೇ ದೋಷವಿದೆ. ಜಾರಿದರೆ ಒಡೆಯದಂತೆ ಕೆಳಗೆ ನೀರು ತುಂಬಿದ ಬೋಗುಣಿ ಇರಲಿ. ಕುದಿನೀರಿಗೆ ಹಾಕಿದರೆ ಕ್ರಿಮಿ ಸಾಯುತ್ತವೆ ಎಂದು ಕೆಲವರು ಮಾಡುತ್ತಾರೆ. ಕ್ರಿಮಿಗಳ ಜೊತೆಗೆ ಸೆಟ್‌ನ ಆಕಾರವೂ ಹೋಗುತ್ತದೆ. ಹಾಗೆಯೇ ರಾಯಚೂರಿನ ಏಪ್ರಿಲ್-ಮೇ ಬಿಸಿಲಲ್ಲಿ ಕಿಟಕಿಯ ಮೇಲೆ ಒಣಗಲು ಇಡಬಾರದು: ಅಕ್ರಿಲಿಕ್ ನೀರನ್ನು ಹೀರಿಕೊಂಡು ತನ್ನ ಅಳತೆ ಉಳಿಸಿಕೊಂಡಿರುತ್ತದೆ, ಪದೇ ಪದೇ ಒಣಗಿ ನೆನೆದರೆ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಸೆಟ್ ತೆಗೆದ ಮೇಲೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಅಂಗುಳ, ವಸಡು, ನಾಲಗೆಯನ್ನು ಮೆಲ್ಲಗೆ ಒರೆಸಬೇಕು.

ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸಾಗಿರುವುದರಿಂದ ಸೆಟ್‌ನ ಮೇಲೆ ಬಿಳಿ ಗಾರು ಕಟ್ಟುತ್ತದೆ. ರಾತ್ರಿ ಇಡಲು ಶುದ್ಧೀಕರಿಸಿದ ನೀರು ಬಳಸಿ. ಕಟ್ಟಿದ ಗಾರಿಗೆ ಅಡುಗೆಯ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ವಾರಕ್ಕೊಮ್ಮೆ ಅರ್ಧ ಗಂಟೆ ನೆನೆಸಿ ಉಜ್ಜಿದರೆ ಸಡಿಲವಾಗುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಕೊಳವೆಬಾವಿಯ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಮೀರಿದೆ. ಅದು ಮೊಮ್ಮಕ್ಕಳ ಹಲ್ಲಿಗೆ ಚಿಂತೆಯ ವಿಷಯವೇ ಹೊರತು ಸೆಟ್‌ಗೆ ಏನೂ ಮಾಡುವುದಿಲ್ಲ. ಬ್ಲೀಚಿಂಗ್ ಪುಡಿಯನ್ನು ಅಂದಾಜಿನಲ್ಲಿ ಕಲಸಬೇಡಿ: ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಹತ್ತು ನಿಮಿಷ ಮೀರದಂತೆ, ಲೋಹವಿಲ್ಲದ ಸೆಟ್‌ಗೆ ಮಾತ್ರ ಬಳಸಿ ಚೆನ್ನಾಗಿ ತೊಳೆಯಬೇಕು. ಔಷಧದ ಅಂಗಡಿಯಲ್ಲಿ ಸಿಗುವ ನೊರೆಯೇಳುವ ಮಾತ್ರೆಗಳು ಸುಲಭ, ಆದರೆ ಅವುಗಳಲ್ಲಿನ ಪರ್‌ಸಲ್ಫೇಟ್ ಕೆಲವರಿಗೆ ಅಲರ್ಜಿ ತರುತ್ತದೆ. ಆ ನೀರನ್ನು ಯಾರೂ ಕುಡಿಯದಂತೆ ನೋಡಿಕೊಳ್ಳಿ. ಸಡಿಲವಾದ ಸೆಟ್‌ಗೆ ಹಚ್ಚುವ ಅಂಟುಕ್ರೀಮನ್ನು ದಿನವೂ ಮಿತಿಮೀರಿ ಬಳಸಿದವರಲ್ಲಿ ಅದರೊಳಗಿನ ಸತು ದೇಹದ ತಾಮ್ರವನ್ನು ತಗ್ಗಿಸಿ ಕೈಕಾಲಿನ ನರಗಳನ್ನು ಕೆಡಿಸಿದ ಪ್ರಕರಣಗಳು ದಾಖಲಾಗಿವೆ. ಬಳಸಲೇಬೇಕಾದರೆ ಸತುವಿಲ್ಲದ್ದನ್ನು, ಚೂರು ಮಾತ್ರ ಬಳಸಿ.

ಅಳತೆ ತೆಗೆಯುವ ಮುನ್ನ ಅಂಗುಳ ಪೂರ್ತಿ ಮಾಯಬೇಕು, ಕೊನೆಯ ಒಂದೆರಡು ದಿನ ಸೆಟ್ ಹಾಕಲೇಬಾರದು. ಊದಿದ ವಸಡಿನ ಮೇಲೆ ತೆಗೆದ ಅಳತೆಯ ಸೆಟ್ ಊತ ಇಳಿದಾಗ ಸಡಿಲವಾಗುತ್ತದೆ. ಆ ದಿನಗಳಲ್ಲಿ ಬರಿಯ ಮೆತ್ತನೆಯ ಅನ್ನ, ಗಂಜಿ ಕೊಟ್ಟರೆ ಸಕ್ಕರೆ ಏರುತ್ತದೆ. ಬಿಸಿ ಜೋಳದ ರೊಟ್ಟಿಯನ್ನು ಬೇಳೆ ಸಾರಿನಲ್ಲಿ ಚೆನ್ನಾಗಿ ನೆನೆಸಿ, ಹುಳಿ ಖಾರ ಕಡಿಮೆ ಹಾಕಿದ ಪುಂಡಿಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ ಕೊಡಿ.

ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ಮೊದಲು ತೋರಿಸಿ. ಸೆಟ್ ಮಾಡಿಸಲು ರಾಯಚೂರಿನ ದಂತ ಕಾಲೇಜುಗಳಲ್ಲಿ, ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಕೃತಕ ದಂತಜೋಡಣೆಯ ಪ್ರತ್ಯೇಕ ವಿಭಾಗವೇ ಇರುತ್ತದೆ. ವಿದ್ಯಾರ್ಥಿಗಳು ಹಿರಿಯರ ಕಣ್ಗಾವಲಿನಲ್ಲಿ ಮಾಡುವುದರಿಂದ ನಾಲ್ಕಾರು ಸಲ ಓಡಾಡಬೇಕಾಗುತ್ತದೆ, ಖರ್ಚು ಕಡಿಮೆ. ಬಿಪಿಎಲ್ ಕಾರ್ಡು ಇದ್ದರೆ ಹಿರಿಯರಿಗೆ ಉಚಿತ ಸೆಟ್ ಕೊಡಲೆಂದು ರಾಜ್ಯ ಸರ್ಕಾರ ಆರಂಭಿಸಿದ ದಂತಭಾಗ್ಯ ಯೋಜನೆಯ ಈಗಿನ ನಿಯಮಗಳನ್ನು ಅಲ್ಲೇ ವಿಚಾರಿಸಿ. ಹೋಗುವಾಗ ತಾಯಿಯವರು ನುಂಗುವ ಎಲ್ಲ ಮಾತ್ರೆಗಳ ಚೀಟಿ, ಸಕ್ಕರೆಯ ವರದಿ, ಅಂಟು ಹಚ್ಚಿದ ಸೆಟ್ ಮೂರೂ ಜೊತೆಗಿರಲಿ. ಹೊಸ ಸೆಟ್ ಬಂದ ಮೇಲೆ ಮೊದಲ ವಾರಗಳಲ್ಲಿ ಅಲ್ಲಲ್ಲಿ ಒತ್ತಿ ನೋಯುವುದು ಸಹಜ. ಮನೆಯಲ್ಲಿ ಬ್ಲೇಡಿನಿಂದ ಕೆರೆಯದೆ ತಿದ್ದಿಸಿಕೊಳ್ಳಲು ಹೋಗಬೇಕು, ಮತ್ತು ಹೋಗುವ ದಿನ ಬೆಳಗಿನಿಂದಲೇ ಸೆಟ್ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಅದು ಎಲ್ಲಿ ಒತ್ತುತ್ತಿದೆ ಎಂಬ ಗುರುತು ವೈದ್ಯರಿಗೆ ಕಾಣುವುದಿಲ್ಲ.